ಬಂದೂಕು ಯಾರ ಕೈಗೆ? ಮುಲ್ಕಿಗೋ, ಗೈರ್ ಮುಲ್ಕಿಗೋ?

ಯಾದಗಿರಿ ತಾಲ್ಲೂಕಿನ ಬಳಿಚಕ್ರದ ಹುಡುಗನೊಬ್ಬ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ತುಂಬುತ್ತಿದ್ದ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಎಲ್ಲ ಆಯಿತು. ರಾಷ್ಟ್ರೀಯತೆ ಎಂಬಲ್ಲಿ ಬಂದು ತಡೆದ. "ಅಣ್ಣಾ, ಇದ್ಯಾಕ ಕೇಳ್ತಾರ? ಬಳಿಚಕ್ರದಾಗ ಹುಟ್ಟಿದಾವ ಮತ್ತ ಯಾವ ದೇಶದಾವ ಆಗತಾನ?" ಎಂದು ನಕ್ಕ. "ಭಾರತೀಯ" ಎಂದು ಬರೆದು ಮುಂದಿನ ಸಾಲಿಗೆ ಹೋದ. ಅಲ್ಲಿ ಇನ್ನೊಂದು ಪ್ರಶ್ನೆ ಕಾದಿತ್ತು: ಅಭ್ಯರ್ಥಿಯು ಕಲ್ಯಾಣ ಕರ್ನಾಟಕದ ಸ್ಥಳೀಯನೇ? ಆಗ ಅವನ ನಗು ನಿಂತಿತು. ಅದಕ್ಕೆ ಸಹಾಯಕ ಆಯುಕ್ತರ ಕಚೇರಿಯ ಪ್ರಮಾಣಪತ್ರ ಬೇಕು, ಅದಕ್ಕೆ ಓಡಾಟ ಬೇಕು.

ಹುಡುಗ ನಗುತ್ತ ಕೇಳಿದ ಪ್ರಶ್ನೆ ನಗುವಂಥದೇನೂ ಅಲ್ಲ. ಅವನು ಹುಟ್ಟಿದ ಈ ಸೀಮೆಯಲ್ಲಿಯೇ, ಯಾದಗಿರಿ, ಶಹಾಪುರ, ಸುರಪುರದ ಈ ನೆಲದಲ್ಲಿಯೇ, ಒಂದು ಕಾಲಕ್ಕೆ ಸರ್ಕಾರದ ಪರವಾಗಿ ಬಂದೂಕು ಹಿಡಿಯಬೇಕಾದರೆ ಪರದೇಶದವನಾಗಿರುವುದೇ ದೊಡ್ಡ ಅರ್ಹತೆಯಾಗಿತ್ತು. ಇಲ್ಲಿಯೇ ಹುಟ್ಟಿ, ಇಲ್ಲಿಯೇ ಬಂದೂಕು ಹಿಡಿದು ಬೆಳೆದವನ ಮೇಲೆ ಆಳುವವರಿಗೆ ಗುಮಾನಿ. ಇಂದು ಅದು ತಿರುಗುಮುರುಗಾಗಿದೆ. ಈ ಬದಲಾವಣೆ ಹೇಗಾಯಿತು ಎಂಬುದು ಸ್ವಾರಸ್ಯದ ಕಥೆ. ನಡುನಡುವೆ ನೋವಿನ ಕಥೆಯೂ ಹೌದು.

ಮೊದಲು ಈ ನೆಲದವರ ಮಾತು. ಸುರಪುರದ ಬೇಡ ನಾಯಕರ ಬಂದೂಕಿನ ಗುರಿ ದಖನ್ನಿನಲ್ಲೆಲ್ಲ ಹೆಸರಾಗಿತ್ತು. ಔರಂಗಜೇಬ ತನ್ನ ಜೀವಮಾನದಲ್ಲಿ ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಸುರಪುರದ ಸಮೀಪದ ವಾಗಣಗೇರಿಯದು. 1705ರಲ್ಲಿ ಆ ಮುದಿ ಬಾದಶಹ ಪಿಡ್ಡ ನಾಯಕನ ಕೋಟೆಯೆದುರು ತಿಂಗಳುಗಟ್ಟಲೆ ಕಾಯಬೇಕಾಯಿತು. ಕೋಟೆ ಸಿಕ್ಕಿತು, ನಾಯಕ ಸಿಗಲಿಲ್ಲ. ಹಳ್ಳಿಗಳಲ್ಲಿ ಕಾವಲಿನ ಕೆಲಸ ತಳವಾರನದು. ಅವನಿಗೆ ಸಂಬಳವಿಲ್ಲ, ಕಾವಲಿಗೆ ಬದಲಾಗಿ ಹೊಲ. ತಂದೆಯ ಹೊಲ, ತಂದೆಯ ಕೆಲಸ, ತಂದೆಯ ಆಯುಧ ಮೂರೂ ಒಟ್ಟಿಗೆ ಮಗನಿಗೆ ಬರುತ್ತಿದ್ದವು. ಕಳ್ಳತನವಾದರೆ ಹೆಜ್ಜೆಯ ಜಾಡು ಹಿಡಿದು ಪಕ್ಕದ ಊರಿನ ಎಲ್ಲೆಯವರೆಗೆ ಹೋಗುವುದು ಅವನ ಹೊಣೆ. ಪೊಲೀಸ್ ಎಂಬ ಶಬ್ದ ಈ ಕಡೆ ಬರುವ ಮೊದಲಿನ ಪೊಲೀಸು ಇದು. ಇಲ್ಲಿ ಅರ್ಹತೆಯೆಂದರೆ ಹುಟ್ಟು, ಊರು, ಹೊಲ.

ಆದರೆ ಹೈದರಾಬಾದಿನ ನಿಜಾಮರಿಗೆ ಇಂಥವರು ಬೇಕಾಗಿರಲಿಲ್ಲ. ಹೊಲವಿದ್ದವನಿಗೆ ನೆಂಟರಿರುತ್ತಾರೆ, ನೆಂಟರಿದ್ದವನಿಗೆ ಪಕ್ಷವಿರುತ್ತದೆ. ಕಂದಾಯ ಕೊಡದ ದೇಸಾಯಿಯ ಮನೆಗೆ ಮುತ್ತಿಗೆ ಹಾಕಬೇಕಾದರೆ ಆ ದೇಸಾಯಿಯ ಊರಿನವನನ್ನೇ ಕಳಿಸಲಾದೀತೆ? ಆದ್ದರಿಂದ ನಿಜಾಮರೂ ಅವರ ಅಮೀರರೂ ಕಡಲಾಚೆಯವರನ್ನು ನೆಚ್ಚಿದರು. ಅರಬಸ್ಥಾನದ ದಕ್ಷಿಣದ ಹದ್ರಮೌತ್ ಎಂಬ ಬಡ ಒಣನಾಡಿನಿಂದ ಅರಬರು ಬಂದರು. ಅಫಘಾನಿಸ್ತಾನದ ಕಡೆಯ ಮೂಲದ ರೋಹಿಲರು ಬಂದರು. ಪಂಜಾಬಿನಿಂದ ಸಿಖ್ಖರು ಬಂದರು. ಆಫ್ರಿಕಾ ಮೂಲದ ಸಿದ್ದಿಗಳ ಕುದುರೆ ಪಡೆಯೊಂದು ನಿಜಾಮರ ಅಂಗರಕ್ಷಣೆಗೆ ನಿಂತಿತು, ಹೈದರಾಬಾದಿನ ಎ.ಸಿ. ಗಾರ್ಡ್ಸ್ ಬಡಾವಣೆಗೆ ಆ ಹೆಸರು ಬಂದದ್ದು ಅವರಿಂದ. ಅರಬರ ಬಿಡಾರವಾಗಿದ್ದ ಬ್ಯಾರಕ್ಸ್ ಜನರ ಬಾಯಲ್ಲಿ ಬಾರ್ಕಸ್ ಆಗಿ ಇಂದಿಗೂ ಉಳಿದಿದೆ.

ಅರಬರನ್ನು ಇಡುವ ಕ್ರಮ ಇಂದಿನ ನೇಮಕಾತಿಯಂತಿರಲಿಲ್ಲ. ಸರ್ಕಾರ ಒಬ್ಬ ಜಮಾದಾರನೊಡನೆ ಕರಾರು ಮಾಡಿಕೊಳ್ಳುತ್ತಿತ್ತು. ಇಷ್ಟು ಜನ, ಇಷ್ಟು ಹಣ ಎಂದು ಮಾತು. ಜನರನ್ನು ತರುವವನು ಜಮಾದಾರ, ಸಂಬಳ ಹಂಚುವವನೂ ಜಮಾದಾರ. ಬಂದೂಕು ಆಯಾ ಸಿಪಾಯಿಯದು, ಸೊಂಟದ ಜಂಬಿಯಾ ಬಾಕು ಅವನ ಅಪ್ಪನದು. ಅವನ ನಿಷ್ಠೆಯೂ ಜಮಾದಾರನಿಗೇ ಹೊರತು ಸರ್ಕಾರಕ್ಕಲ್ಲ. ಹೈದರಾಬಾದಿನಲ್ಲಿ ಜಮಾದಾರಿಕೆ ಮಾಡಿ ಗಳಿಸಿದ ಹಣದ ಬಲದಿಂದ ಅಲ್-ಕುಐತಿ ಮನೆತನದವರು ತಮ್ಮ ತವರಾದ ಹದ್ರಮೌತಿನಲ್ಲಿ ಒಂದು ಸುಲ್ತಾನಿಕೆಯನ್ನೇ ಕಟ್ಟಿಕೊಂಡರು. ದಖನ್ನಿನ ರೈತ ಕಟ್ಟಿದ ಕಂದಾಯದ ಪಾಲು ಅರಬಸ್ಥಾನದ ಕೋಟೆ ಕೊತ್ತಲಗಳಿಗೆ ಹೋಯಿತು ಎಂದರೆ ಅತಿಶಯೋಕ್ತಿಯಲ್ಲ.

ಸಂಬಳ ಸರಿಯಾಗಿ ಬರುತ್ತಿದ್ದರೆ ಕಥೆ ಇಲ್ಲಿಗೇ ನಿಲ್ಲುತ್ತಿತ್ತೇನೋ. ಆದರೆ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ನಿಜಾಮರ ಖಜಾನೆ ಬರಿದಾಗಿತ್ತು. ದಿವಾನ ಚಂದೂಲಾಲನ ಕಾಲದಲ್ಲಿ ಸಾಲದ ಮೇಲೆ ಸಾಲ. ಸಂಬಳದ ಬಾಕಿಗೆ, ಸಾಲಕ್ಕೆ ಒತ್ತೆಯಾಗಿ ಅರಬ ಜಮಾದಾರರಿಗೆ, ರೋಹಿಲರಿಗೆ ತಾಲ್ಲೂಕುಗಳ ಕಂದಾಯವನ್ನೇ ಬರೆದುಕೊಡಲಾಯಿತು. ಬಂದೂಕು ಹಿಡಿದವನೇ ಸಾಹುಕಾರ, ಅವನೇ ವಸೂಲಿಗಾರ, ಕಡೆಗೆ ಅವನೇ ನ್ಯಾಯಾಧೀಶ. ಸಾಲ ತೀರಿಸದವರನ್ನು ಕೂಡಿಹಾಕಲು ಅರಬರು ತಮ್ಮವೇ ಸೆರೆಮನೆಗಳನ್ನು ಇಟ್ಟುಕೊಂಡಿದ್ದರು. ಕಾಯಲು ಬಂದವರು ಕಾಯಿಸತೊಡಗಿದರು.

ಇದನ್ನು ಅರಬರ ತಪ್ಪೆಂದಷ್ಟೇ ಬರೆದುಬಿಡುವುದು ಸುಲಭ. ಅಂದಿನ ಬ್ರಿಟಿಷ್ ಅಧಿಕಾರಿಗಳು ಬರೆದದ್ದೂ ಹಾಗೆಯೇ. ಆದರೆ ಸಂಬಳ ಕೊಡದ ಸರ್ಕಾರ ಬಂದೂಕು ಹಿಡಿದವನಿಂದ ಯಾವ ನಡತೆಯನ್ನು ನಿರೀಕ್ಷಿಸಬಹುದಿತ್ತು ಎಂಬುದನ್ನೂ ಕೇಳಬೇಕಲ್ಲವೆ?

ಹೊರಗಿನಿಂದ ಬಂದು ನಿಜಾಮರ ಪರವಾಗಿ ಆಯುಧ ಹಿಡಿದವರಲ್ಲಿ ಅರಬರು, ಪಠಾಣರು ಮಾತ್ರ ಇದ್ದರೆಂದು ತಿಳಿಯಬಾರದು. ಸುರಪುರದವರಿಗೆ ಚೆನ್ನಾಗಿ ಗೊತ್ತಿರುವ ಒಬ್ಬರಿದ್ದಾರೆ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ 1808ರಲ್ಲಿ ಹುಟ್ಟಿದ ಫಿಲಿಪ್ ಮೆಡೋಸ್ ಟೇಲರ್ ಹದಿನಾರು ತುಂಬುವ ಮೊದಲೇ, 1824ರಲ್ಲಿ, ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಹಡಗು ಇಳಿದ ಹುಡುಗ. ಆ ವ್ಯಾಪಾರ ನೆಚ್ಚುವಂಥದಾಗಿರಲಿಲ್ಲ. ಅದೇ ವರ್ಷ ನಿಜಾಮರ ಸೇನೆಯಲ್ಲಿ ಕೆಲಸ ಸಿಕ್ಕಿತು. ಇಪ್ಪತ್ತು ತುಂಬುವುದರೊಳಗೆ ಸಂಸ್ಥಾನದ ನೈರುತ್ಯ ಭಾಗದ ಪೊಲೀಸ್ ಸಹಾಯಕ ಸೂಪರಿಂಟೆಂಡೆಂಟ್. ಅವನ ಅರ್ಹತೆಯ ಪಟ್ಟಿಯಲ್ಲಿ ಈ ನಾಡಿನ ಹುಟ್ಟು ಇರಲಿಲ್ಲ, ಪರೀಕ್ಷೆ ಇರಲಿಲ್ಲ, ಕಂಪನಿ ಸರ್ಕಾರದ ಕಾಯಂ ನೌಕರಿಯೂ ಇರಲಿಲ್ಲ. ಆ ಕೊನೆಯ ಕೊರತೆ ಅವನನ್ನು ಬದುಕಿನುದ್ದಕ್ಕೂ ಕಾಡಿತು. ಕಂಪನಿಯ ಕರಾರುಬದ್ಧ ಅಧಿಕಾರಿಗಳ ನಡುವೆ ಅವನು ಸದಾ ಹೊರಗಿನವನೇ.

1841ರಲ್ಲಿ ಸುರಪುರದ ರಾಜ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಹಸುಳೆ. ರಾಣಿ ಈಶ್ವರಮ್ಮನಿಗೂ ಪಿಡ್ಡ ನಾಯಕನಿಗೂ ಅಧಿಕಾರದ ಜಗಳ. ಅದನ್ನು ಬಗೆಹರಿಸಲು ಬಂದ ಟೇಲರ್ 1853ರವರೆಗೆ ಇಲ್ಲಿಯೇ ಉಳಿದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಇದೆ. ಜನ ತನ್ನನ್ನು ಮಹಾದೇವ ಬಾಬಾ ಎನ್ನುತ್ತಿದ್ದರೆಂದೂ ಬಾಲಕ ರಾಜ ತನ್ನನ್ನು ಅಪ್ಪಾ ಎಂದು ಕರೆಯುತ್ತಿದ್ದನೆಂದೂ ಅವನು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ತನ್ನ ಬಗ್ಗೆ ತಾನೇ ಬರೆದದ್ದಾದ್ದರಿಂದ ಚಿಟಿಕೆ ಉಪ್ಪು ಉದುರಿಸಿಕೊಂಡೇ ಓದಬೇಕು. ಆದರೂ ಅವನನ್ನು ಸುರಪುರ ಮರೆತಿಲ್ಲ ಎಂಬುದು ನಿಜ.

ಆ ಬಾಲಕ ದೊಡ್ಡವನಾಗಿ ಆಳ್ವಿಕೆ ವಹಿಸಿಕೊಂಡು ನಾಲ್ಕು ವರ್ಷಕ್ಕೆ 1857 ಉರಿಯುತ್ತಿತ್ತು. ವೆಂಕಟಪ್ಪ ನಾಯಕ ತನ್ನ ಬೇಡರ ಜೊತೆಗೆ ಅರಬರನ್ನೂ ರೋಹಿಲರನ್ನೂ ಸೇರಿಸಿಕೊಳ್ಳುತ್ತಿದ್ದಾನೆ ಎಂಬುದೇ ಬ್ರಿಟಿಷರ ವರದಿಗಳ ದೊಡ್ಡ ಆತಂಕ. ನೆಲದ ಬಂದೂಕೂ ಪರದೇಶದ ಬಂದೂಕೂ ಒಂದೇ ಕೋಟೆಯಲ್ಲಿ ಸೇರಿದ್ದವು. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಕಾಳಗವಾಯಿತು. ಕ್ಯಾಪ್ಟನ್ ನ್ಯೂಬೆರಿ ಎಂಬ ಬ್ರಿಟಿಷ್ ಅಧಿಕಾರಿ ಸತ್ತ. ರಾಜ ಹೈದರಾಬಾದಿಗೆ ಹೋದ, ಅಲ್ಲಿ ಸಾಲಾರ್ ಜಂಗನ ಜನರ ಕೈಗೆ ಸಿಕ್ಕ. ಸೆರೆಯಲ್ಲಿ ತನ್ನನ್ನು ಕಾಣಲು ಬಂದ ಟೇಲರ್‌ನ ಎದುರು, ಕಳ್ಳನಂತೆ ನೇಣು ಹಾಕುವುದು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂದನಂತೆ. ಮರಣದಂಡನೆ ತಪ್ಪಿ ಸೆರೆವಾಸದ ಶಿಕ್ಷೆಯಾಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ, 1858ರ ಮೇ ತಿಂಗಳಲ್ಲಿ, ಗುಂಡೇಟಿನಿಂದ ಸತ್ತ. ಕಾವಲಿನ ಅಧಿಕಾರಿ ಕಳಚಿಟ್ಟಿದ್ದ ರಿವಾಲ್ವರನ್ನು ತೆಗೆದು ತಾನೇ ಹಾರಿಸಿಕೊಂಡ ಎಂಬುದು ಟೇಲರ್ ಹೇಳುವ ಕಥೆ. ಇದನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಕೈದಿಯ ಕೈಗೆಟುಕುವಂತೆ ರಿವಾಲ್ವರನ್ನು ಇಡುವ ಕಾವಲುಗಾರ ಎಂಥವನು ಎಂಬ ಪ್ರಶ್ನೆಗಂತೂ ಉತ್ತರ ಸಿಕ್ಕಿಲ್ಲ.

ಇದಕ್ಕೆ ಕೆಲವು ತಿಂಗಳ ಹಿಂದಷ್ಟೇ, ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಬೇಡರು ಇದೇ ಬಂದೂಕಿನ ಕಾರಣಕ್ಕೆ ಜೀವ ತೆತ್ತಿದ್ದರು. 1857ರ ನಿಶ್ಶಸ್ತ್ರೀಕರಣ ಕಾಯ್ದೆಯಂತೆ ಆಯುಧ ಒಪ್ಪಿಸಿರಿ ಎಂಬ ಆಜ್ಞೆ ಬಂದಾಗ ಹಲಗಲಿಯವರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ 19 ಮಂದಿಯನ್ನು ಗಲ್ಲಿಗೇರಿಸಿದರು. ಲಾವಣಿಕಾರರು ಇದನ್ನು ಹಾಡಿ ಉಳಿಸಿದರು. 1878ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆಲ್ಲ ಶಸ್ತ್ರ ಕಾಯ್ದೆ ಬಂತು. ಭಾರತೀಯನಿಗೆ ಪರವಾನಗಿ ಬೇಕು, ಯುರೋಪಿಯನ್ನನಿಗೆ ವಿನಾಯಿತಿ. ಅಂದರೆ ಅಲ್ಲಿಯೂ ಪರದೇಶದವನಾಗಿರುವುದೇ ಅರ್ಹತೆ! ಕೊಡಗಿನವರಿಗೆ ಮಾತ್ರ ನಿಷ್ಠೆಗಾಗಿ 1861ರಲ್ಲೇ ವಿನಾಯಿತಿ ಸಿಕ್ಕಿತ್ತು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಆ ವಿನಾಯಿತಿ ಇಂದಿಗೂ ಊರ್ಜಿತದಲ್ಲಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಹಲಗಲಿಯವರಿಗೆ ನೇಣು, ಕೊಡಗಿನವರಿಗೆ ಕೋವಿ. ಎರಡೂ ಕಡೆ ಇದ್ದದ್ದು ಹುಟ್ಟಿನೊಡನೆ ಬಂದ ಆಯುಧವೇ. ಬ್ರಿಟಿಷರು ನೋಡಿದ್ದು ತಮಗೆ ಯಾರು ನೆರವಾದರು ಎಂಬುದನ್ನು.

ಮತ್ತೆ ನಮ್ಮ ಸೀಮೆಗೆ ಬರೋಣ. 1860ರ ಒಪ್ಪಂದದಿಂದ ಸುರಪುರ ನಿಜಾಮರಿಗೆ ಸೇರಿತು. 1853ರಿಂದ 1883ರವರೆಗೆ ದಿವಾನನಾಗಿದ್ದ ಸಾಲಾರ್ ಜಂಗ್ ಒತ್ತೆ ಬಿದ್ದ ತಾಲ್ಲೂಕುಗಳನ್ನು ಒಂದೊಂದಾಗಿ ಬಿಡಿಸಿಕೊಂಡ. 1865ರ ಸುಮಾರಿಗೆ ಜಿಲ್ಲೆಗಳಾದವು, ಜಿಲ್ಲೆಗೊಬ್ಬ ತಾಲ್ಲೂಕದಾರ, ಅವನ ಜೊತೆಗೆ ಸರ್ಕಾರದಿಂದಲೇ ಸಂಬಳ ಪಡೆಯುವ ಪೊಲೀಸ್. ಅರಬರ ಖಾಸಗಿ ಸೆರೆಮನೆಗಳಿಗೆ ತಡೆ ಬಿತ್ತು. ಹೊಸದಾಗಿ ಬರುವ ಅರಬರಿಗೆ ಕಡಿವಾಣ ಹಾಕಲು ಬ್ರಿಟಿಷ್ ರೆಸಿಡೆಂಟರೂ ಒತ್ತಾಯಿಸುತ್ತಿದ್ದರು. ನನ್ನ ಲೆಕ್ಕದಲ್ಲಿ ಈ ಕಥೆಯ ನಿಜವಾದ ತಿರುವು ಇದು. ಬಂದೂಕು ಹಿಡಿಯುವವನು ಯಾರು ಎಂಬುದಕ್ಕಿಂತ ಬಂದೂಕು ಯಾರದು ಎಂಬುದು ಇಲ್ಲಿ ಬದಲಾಗತೊಡಗಿತು. ಜಮಾದಾರನ ಸಿಪಾಯಿ ತನ್ನ ಬಂದೂಕಿನೊಡನೆ ಕೆಲಸಕ್ಕೆ ಬರುತ್ತಿದ್ದ, ಅದರೊಡನೆಯೇ ಮನೆಗೆ ಹೋಗುತ್ತಿದ್ದ. ಹೊಸ ಪೊಲೀಸಿನವನ ಬಂದೂಕು ಸರ್ಕಾರದ್ದು. ಪಾಳಿ ಮುಗಿದ ಮೇಲೆ ಠಾಣೆಗೆ ಒಪ್ಪಿಸಬೇಕು.

ಅರಬರೇನೂ ಮಾಯವಾಗಲಿಲ್ಲ. ನಜ್ಮ್-ಎ-ಜಮೀಯತ್ ಎಂಬ ಪ್ರತ್ಯೇಕ ಇಲಾಖೆಯ ಕೆಳಗೆ ಉಳಿದರು. ಅಷ್ಟರಲ್ಲಿ ಎರಡು ಮೂರು ತಲೆಮಾರು ಕಳೆದಿದ್ದವು. ಅರಬಸ್ಥಾನದಲ್ಲೇ ಹುಟ್ಟಿ ಬಂದವನು ವಿಲಾಯತಿ, ಇಲ್ಲಿನ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು ಮುವಲ್ಲದ್ ಎಂದು ಅವರಲ್ಲೇ ಭೇದ. ಮುವಲ್ಲದನ ಮನೆಮಾತು ದಖನಿ, ಹದ್ರಮೌತ್ ಅವನು ಕಂಡ ಊರಲ್ಲ.

ಇದೇ ಹೊತ್ತಿಗೆ ಇನ್ನೊಂದು ಜಗಳ ಬೆಳೆಯಿತು. ಆಡಳಿತ ನಡೆಸಲು ಉತ್ತರ ಹಿಂದೂಸ್ತಾನದಿಂದ ಓದಿದವರು ಬಂದು ತುಂಬಿಕೊಂಡರು. ಸಂಸ್ಥಾನದವರು "ನಮಗೇನು ಉಳಿಯಿತು?" ಎಂದು ಕೇಳತೊಡಗಿದರು. ಅದರ ಫಲವೇ ಮುಲ್ಕಿ, ಗೈರ್ ಮುಲ್ಕಿ ವಿಂಗಡಣೆ. 1919ರಲ್ಲಿ ನಿಜಾಮರ ಫರ್ಮಾನಿನಿಂದ ಮುಲ್ಕಿ ನಿಯಮಗಳು ಖಚಿತ ರೂಪ ಪಡೆದವು. ಹುಟ್ಟಿನಿಂದ ಸಂಸ್ಥಾನದ ಪ್ರಜೆಯಾದವನು ಮುಲ್ಕಿ. ಹದಿನೈದು ವರ್ಷ ಇಲ್ಲಿಯೇ ಕಾಯಂ ನೆಲೆಸಿ, ತಿರುಗಿ ತನ್ನೂರಿಗೆ ಹೋಗುವ ಆಸೆ ಬಿಟ್ಟವನೂ ಮುಲ್ಕಿ ಆಗಬಹುದು. ಸರ್ಕಾರಿ ನೌಕರಿ ಮುಲ್ಕಿಗೆ. ಗಮನಿಸಿ, ಧರ್ಮ ಭಾಷೆಗಳ ಮಾತು ಇದರಲ್ಲಿಲ್ಲ. ಕಾಗದದ ಮೇಲೆ ಬಳಿಚಕ್ರದ ಕನ್ನಡಿಗನೂ ಮುಲ್ಕಿಯೇ. ಆದರೆ ಠಾಣೆಯ ಅಮೀನನಿಂದ ಹಿಡಿದು ಕಚೇರಿಯ ಕಾರಕೂನನವರೆಗೆ ಕೆಲಸದ ಭಾಷೆ ಉರ್ದು. ಕನ್ನಡ ಶಾಲೆಗೇ ಗತಿಯಿಲ್ಲದ ಕಾಲದಲ್ಲಿ ಮುಲ್ಕಿ ಎಂಬ ಹಕ್ಕು ಕಲಬುರಗಿ ಸೀಮೆಯ ಹಳ್ಳಿಯವನಿಗೆ ಎಷ್ಟು ಬಳಕೆಗೆ ಬಂದೀತು?

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಹೊಕ್ಕಿತು. 17ಕ್ಕೆ ನಿಜಾಮರು ಶರಣಾದರು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ರಜಾಕಾರರೆಂಬ ಖಾಸಗಿ ಪಡೆಯ ಕೈಗೆ ಆಯುಧ ಸಿಕ್ಕಿ ಹಳ್ಳಿಗಳು ಏನನ್ನು ಅನುಭವಿಸಿದವು ಎಂಬುದನ್ನು ಈ ಭಾಗದ ಓದುಗರಿಗೆ ಹೇಳಬೇಕಾಗಿಲ್ಲ. ಅನಂತರ ನಡೆದ ಇನ್ನೊಂದು ಸಂಗತಿ ಅಷ್ಟು ಪ್ರಚಾರಕ್ಕೆ ಬರಲಿಲ್ಲ. ಹೊಸ ಆಡಳಿತ ಅರಬರನ್ನೂ ಪಠಾಣರನ್ನೂ ಪರದೇಶೀಯರೆಂದು ಹಿಡಿದು ಶಿಬಿರಗಳಲ್ಲಿಟ್ಟಿತು. ಕೆಲವರನ್ನು ಹಡಗು ಹತ್ತಿಸಿ ಕಳಿಸಲಾಯಿತು. ನಿನ್ನೆಯವರೆಗೆ ಸರ್ಕಾರದ ಖಜಾನೆ ಕಾಯ್ದವನು ಇಂದು ಕಾವಲಿನಲ್ಲಿರಬೇಕಾದವನು. ವಿಲಾಯತಿಯೊಬ್ಬನನ್ನು ಏಡನ್ನಿಗೆ ಕಳಿಸುವುದಕ್ಕೆ ಒಂದು ಅರ್ಥವಾದರೂ ಇದ್ದೀತು. ಅಜ್ಜನ ಕಾಲದಿಂದ ಇಲ್ಲಿದ್ದು, ಅಪ್ಪನ ಹೆಸರಿನಲ್ಲಷ್ಟೇ ಅರಬನಾದ ಮುವಲ್ಲದನನ್ನು ಕಳಿಸುವುದೆಲ್ಲಿಗೆ? ಕಡೆಗೆ ಹೆಚ್ಚಿನವರನ್ನು ಬಿಡಬೇಕಾಯಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 5ನೆಯ ವಿಧಿ ಇಂಥವರಿಗೆ ಒಂದು ಬಾಗಿಲು ತೆರೆಯಿತು. ಈ ದೇಶವನ್ನೇ ಕಾಯಂ ನೆಲೆ ಮಾಡಿಕೊಂಡವನು ಇಲ್ಲಿ ಹುಟ್ಟಿದ್ದರೆ, ಅಥವಾ ತಂದೆತಾಯಿಗಳಲ್ಲೊಬ್ಬರು ಇಲ್ಲಿ ಹುಟ್ಟಿದ್ದರೆ, ಅಥವಾ ಹಿಂದಿನ ಐದು ವರ್ಷ ಇಲ್ಲಿಯೇ ಇದ್ದರೆ ಅವನು ನಾಗರಿಕ. ಅರಬರ ಪಡೆಯಂತೂ ವಿಸರ್ಜನೆಯಾಯಿತು. ಹಣ್ಣು ಮಾರುವವರು, ಕುಸ್ತಿ ಕಲಿಸುವವರು, ಕೂಲಿಯವರಾಗಿ ಹಲವರು ಉಳಿದರು.

ಆಡಳಿತ ನಡೆಸಲು ಮದರಾಸು, ಮುಂಬಯಿ, ಮಧ್ಯಪ್ರಾಂತ್ಯಗಳಿಂದ ಅಧಿಕಾರಿಗಳೂ ಪೊಲೀಸರೂ ಬಂದರು. ಮತ್ತೆ ಅದೇ ಕೂಗು! 1952ರಲ್ಲಿ ವಾರಂಗಲ್‌ನಲ್ಲಿ ಎದ್ದ ಮುಲ್ಕಿ ಚಳವಳಿ ಹೈದರಾಬಾದಿಗೆ ಹಬ್ಬಿ, ಸೆಪ್ಟೆಂಬರಿನಲ್ಲಿ ಪೊಲೀಸರ ಗುಂಡಿಗೆ ವಿದ್ಯಾರ್ಥಿಗಳು ಬಲಿಯಾದರು. ಹೊರಗಿನವರು ನೌಕರಿ ಕಸಿದರು ಎಂದವರ ಮೇಲೆ ಗುಂಡು ಬಿದ್ದದ್ದು ನಮ್ಮ ಚರಿತ್ರೆಯ ವಿಚಿತ್ರಗಳಲ್ಲೊಂದು.

ಈಗಿನ ಕಾನೂನು ಏನನ್ನುತ್ತದೆ? 1959ರ ಶಸ್ತ್ರ ಕಾಯ್ದೆಯಂತೆ ಬಂದೂಕಿಗೆ ಪರವಾನಗಿ ಬೇಕು. ಆದರೆ ಅದೇ ಕಾಯ್ದೆಯ 45ನೆಯ ಕಲಂ, ಕರ್ತವ್ಯದ ಮೇಲೆ ಆಯುಧ ಹಿಡಿದ ಸರ್ಕಾರಿ ನೌಕರನಿಗೆ ಈ ಕಾಯ್ದೆಯೇ ಅನ್ವಯಿಸದು ಎನ್ನುತ್ತದೆ. ಅಂದರೆ ಪೊಲೀಸಿನವನ ತ್ರೀ ನಾಟ್ ತ್ರೀಗೆ ಪರವಾನಗಿಯ ಪರೀಕ್ಷೆ ಇಲ್ಲ. ಎಲ್ಲ ಪರೀಕ್ಷೆಯೂ ನೇಮಕಾತಿಯ ಬಾಗಿಲಲ್ಲೇ. ಆ ಬಾಗಿಲಲ್ಲಿ ಕೇಳುವ ಮೊದಲ ಮಾತು ನಾಗರಿಕತ್ವ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವೆಗಳ ಪರೀಕ್ಷೆಯಲ್ಲಿ ಕೆಲವು ಸೇವೆಗಳಿಗೆ ನೇಪಾಳ, ಭೂತಾನಗಳ ಪ್ರಜೆಗಳೂ, 1962ರ ಜನವರಿ 1ಕ್ಕೆ ಮುಂಚೆ ಬಂದ ಟಿಬೆಟಿನ ನಿರಾಶ್ರಿತರೂ ಅರ್ಹತಾ ಪತ್ರ ಪಡೆದು ಸೇರಬಹುದು. ಐ.ಪಿ.ಎಸ್.ಗೆ ಅದು ಸಾಧ್ಯವಿಲ್ಲ. ಅಲ್ಲಿ ಭಾರತದ ನಾಗರಿಕನೇ ಆಗಬೇಕು.

ಹಾಗೆಂದು ಸರ್ಕಾರ ಪರದೇಶದವರ ಕೈಗೆ ಬಂದೂಕು ಕೊಡುವುದೇ ಇಲ್ಲ ಎಂದಲ್ಲ. ನೇಪಾಳದ ಪ್ರಜೆಗಳಾದ ಗೂರ್ಖರನ್ನು 1947ರ ಒಪ್ಪಂದದ ಮೇಲೆ ನಮ್ಮ ಸೇನೆ ತೆಗೆದುಕೊಳ್ಳುತ್ತ ಬಂತು. ಚೀನಾ ಯುದ್ಧದ ಕಾಲಕ್ಕೆ, 1962ರಲ್ಲಿ, ಟಿಬೆಟಿನ ನಿರಾಶ್ರಿತರಿಂದಲೇ ವಿಶೇಷ ಗಡಿ ಪಡೆಯೊಂದನ್ನು ಕಟ್ಟಲಾಯಿತು. 1971ರ ಯುದ್ಧದಲ್ಲಿ ಅವರು ಚಿತ್ತಗಾಂಗಿನ ಗುಡ್ಡಗಳಲ್ಲಿ ಕಾದಿದರು. ನಮ್ಮ ಬೈಲುಕುಪ್ಪೆ, ಮುಂಡಗೋಡಗಳಲ್ಲಿ ನೆಲೆಸಿದವರ ಬಂಧುಬಳಗದ ಜನ ಅವರು. ಗಡಿ ಕಾಯಬಹುದು, ನಾಗರಿಕರನ್ನು ಕಾಯುವ ಠಾಣೆಯಲ್ಲಿ ಅಧಿಕಾರಿಯಾಗುವಂತಿಲ್ಲ. ಸೈನಿಕನ ಬಂದೂಕು ಹೊರಗಿನವನ ಮೇಲೆ, ಪೊಲೀಸಿನವನದು ನಮ್ಮವನ ಮೇಲೆ ಎಂಬ ಭೇದ ಇದರ ಹಿಂದೆ ಇದ್ದಿರಬೇಕು ಎಂದು ನನ್ನ ಊಹೆ.

ಅಮೆರಿಕದಲ್ಲಿ ಈ ಪ್ರಶ್ನೆ ಇನ್ನೊಂದು ಬಗೆಯಲ್ಲಿ ಎದ್ದಿದೆ. ಕಾನೂನುಬದ್ಧವಾಗಿ ದೇಶದಲ್ಲಿಲ್ಲದವನು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂಬುದು ಅಲ್ಲಿಯ ಕೇಂದ್ರ ಕಾಯ್ದೆ. ಗ್ರೀನ್ ಕಾರ್ಡ್ ಇದ್ದವನಿಗೆ ಅಡ್ಡಿಯಿಲ್ಲ. ಪೊಲೀಸರ ಕೊರತೆಯಿಂದ ಕ್ಯಾಲಿಫೋರ್ನಿಯಾ 2022ರಲ್ಲಿ ಪೊಲೀಸ್ ಕೆಲಸಕ್ಕೆ ನಾಗರಿಕನೇ ಆಗಬೇಕೆಂಬ ನಿಯಮವನ್ನು ತೆಗೆದುಹಾಕಿತು. ಇಲಿನಾಯ್ 2023ರಲ್ಲಿ, ಎಳೆತನದಲ್ಲಿ ತಂದೆತಾಯಿಗಳೊಡನೆ ಕಾಗದಪತ್ರವಿಲ್ಲದೆ ಬಂದು ಆಮೇಲೆ ಉಳಿಯಲು ತಾತ್ಕಾಲಿಕ ಅನುಮತಿ ಪಡೆದವರಿಗೂ, ಕೇಂದ್ರ ಕಾಯ್ದೆ ಬಂದೂಕು ಹಿಡಿಯಲು ಬಿಟ್ಟರೆ ಎಂಬ ಷರತ್ತಿನ ಮೇಲೆ, ಬಾಗಿಲು ತೆರೆಯಿತು. ಕೆಲಸ ರಾಜ್ಯ ಕೊಡಬಹುದು. ಬಂದೂಕಿನ ಮಾತು ವಾಷಿಂಗ್ಟನ್ನಿನದು. ಅಲ್ಲಿ ತಕರಾರು ಇನ್ನೂ ಮುಗಿದಿಲ್ಲ.

ನಮ್ಮಲ್ಲಿ ಮುಲ್ಕಿ ಎಂಬ ಶಬ್ದ ಹೋಗಿದೆ, ಅದರ ನೆರಳು ಹೋಗಿಲ್ಲ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಈ ಭಾಗದ ಜಿಲ್ಲೆಗಳ ನೌಕರಿಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಟ್ಟಿದೆ. ಇಲ್ಲಿ ಹುಟ್ಟಿದವನು ಸ್ಥಳೀಯ. ಹತ್ತು ವರ್ಷ ನೆಲೆಸಿದವನೂ ಸ್ಥಳೀಯ. ನಿಜಾಮರ ಹದಿನೈದು ವರ್ಷ ಈಗ ಹತ್ತಾಗಿದೆ. ಆಗ ಮುಲ್ಕಿ ಎಂದರೆ ಇಡೀ ಸಂಸ್ಥಾನ, ಈಗ ಕೆಲವೇ ಜಿಲ್ಲೆ. ಬೆಳಗಾವಿಯ ಹುಡುಗ ಭಾರತದ ನಾಗರಿಕನೇ ಆದರೂ ಯಾದಗಿರಿಯ ಈ ಮೀಸಲು ಜಾಗಗಳ ಮಟ್ಟಿಗೆ ಗೈರ್ ಮುಲ್ಕಿ. ತಳವಾರರ ಕಥೆಯೂ ಹಾಗೆಯೇ. ಕಾವಲಿನ ಹೊಲ, ಕಾವಲಿನ ಹಕ್ಕು ಎರಡೂ ಸ್ವಾತಂತ್ರ್ಯಾನಂತರದ ಕಾಯ್ದೆಗಳಿಂದ ರದ್ದಾದವು. ಆದರೆ ತಳವಾರ ಎಂಬ ಹೆಸರು 2020ರಲ್ಲಿ ನಾಯಕರ ಪರ್ಯಾಯ ಪದವಾಗಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿತು. ಒಂದು ಕಾಲದ ಪೊಲೀಸ್ ಹುದ್ದೆಯ ಹೆಸರನ್ನು ಇಂದು ಪೊಲೀಸ್ ಹುದ್ದೆಯ ಅರ್ಜಿಯ ಜಾತಿ ಕಾಲಮ್ಮಿನಲ್ಲಿ ಬರೆಯುತ್ತಾರೆ.

ಬಳಿಚಕ್ರದ ಹುಡುಗನಿಗೆ ಸ್ಥಳೀಯ ಪ್ರಮಾಣಪತ್ರ ಮೂರನೆಯ ಓಡಾಟಕ್ಕೆ ಸಿಕ್ಕಿತು. ಈಗ ದಿನಾ ನಸುಕಿಗೆ ಎದ್ದು ಯಾದಗಿರಿ ರಸ್ತೆಯಲ್ಲಿ ಓಡುತ್ತಾನೆ. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಅವನದಿನ್ನೂ ಏಳರ ಹತ್ತಿರ ಇದೆ. ಬಂದೂಕು ಹಿಡಿದು ನೋಡಿದ್ದೀಯಾ ಎಂದು ಕೇಳಿದೆ. "ಜಾತ್ರ್ಯಾಗ ಬಲೂನ್ ಹೊಡಿಯೂದು ಅಷ್ಟ ರೀ ಅಣ್ಣಾ" ಎಂದ.